ಹೌದು ಅಂದವರು ಯಾರು?

ಸುಳ್ಳು ಹೇಳುವವಳಾಗಿದ್ದರೆ ಆಕೆ ಅಷ್ಟು ಹೊತ್ತು ಸುಮ್ಮನಿರುತ್ತಿದ್ದಳೇ? ಅಥವಾ ಸುಳ್ಳಿಗೆ ಮಾತು ಹೊಂದಿಸಿಕೊಳ್ಳಲೆಂದೇ ಸುಮ್ಮನಾದಳೇ?

ಗ್ರಾಹಕ ಕಚೇರಿಯ ತನಿಖಾಧಿಕಾರಿಗೆ ಬಗೆಹರಿಯಲಿಲ್ಲ. ಲ್ಯಾಪ್‌ಟಾಪಿನ ಗುಂಡಿ ಒತ್ತಿ ಇನ್ನೊಮ್ಮೆ ಕೇಳಿದ.

"ಮನೆಯ ಮಾಲೀಕರು ನೀವೇ ತಾನೆ?" ಸೋಲಾರ್ ಕಂಪನಿಯ ಹುಡುಗಿಯ ಪ್ರಶ್ನೆ.

"ಹೌದು."

"ಇಪ್ಪತ್ತೈದು ವರ್ಷದ ಒಪ್ಪಂದ ಅಂತ ವಿವರಿಸಿದಾರೆ ತಾನೆ?"

"ಹೌದು."

"ಅಲ್ಲೀವರೆಗೆ ಮನೆ ಮೇಲೆ ಕಂಪನಿಯ ಹಕ್ಕು ದಾಖಲಾಗಿರುತ್ತೆ. ಒಪ್ಪಿಗೆ ಇದೆಯಾ?"

ಒಂದು ಉಸಿರು ಒಳಗೆಳೆದ ಸದ್ದು. "ಹೌದು."

ನಿನ್ನೆ ಎದುರಿನ ಕುರ್ಚಿಯಲ್ಲಿ ಕೂತು ಇದನ್ನೇ ಕೇಳಿದ ಮುದುಕಿ ಮೊದಲ ಹೌದಿಗೆ "ಇದು ನಾನಲ್ಲ" ಎಂದು ಗದರಿದ್ದಳು. ಎರಡನೆಯದಕ್ಕೆ ನಕ್ಕಿದ್ದಳು. ಮೂರನೆಯದು ಕೇಳಿದ್ದೇ ತಡ, ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸತೊಡಗಿದಳು. ಒರೆಸಿದಳು, ಒರೆಸಿದಳು. ಕೊನೆಗೆ, "ನನ್ನ ದನಿ ಅಲ್ಲ, ಅಷ್ಟೇ" ಎಂದು ಎದ್ದು ಹೋದಳು.

ಮೋಸ ಬೆಳಕಿಗೆ ಬಂದದ್ದು ನೋಂದಣಿ ಕಚೇರಿಯಲ್ಲಿ. ಯಾವುದೋ ಕೆಲಸಕ್ಕೆ ಮನೆಪತ್ರ ಹಿಡಿದು ಹೋದ ಆಕೆಗೆ ಗುಮಾಸ್ತ ಪರದೆ ತಿರುಗಿಸಿ ತೋರಿಸಿದ್ದ. "ಈ ಮನೆ ಮೇಲೆ ಸೋಲಾರ್ ಕಂಪನಿಯ ಹಕ್ಕಿದೆ. ಅವರು ಒಪ್ಪದೆ ಒಂದು ಇಟ್ಟಿಗೆಯನ್ನೂ ವರ್ಗ ಮಾಡೋಕಾಗಲ್ಲ." ಆಕೆಯ ಮಾಳಿಗೆಯ ಮೇಲೆ ಫಲಕವಿರಲಿ, ಒಂದು ಮೊಳೆಯೂ ಇರಲಿಲ್ಲ. ಒಪ್ಪಂದ ಬೇಡವೆಂದರೆ ಕಟ್ಟಬೇಕಾದ ದಂಡಕ್ಕೆ ಮನೆಯನ್ನೇ ಮಾರಬೇಕಿತ್ತು.

"ದನಿ ಆಕೆಯದೇ," ಮೇಲಧಿಕಾರಿ ಬಾಗಿಲಲ್ಲೇ ನಿಂತು ಹೇಳಿದರು. "ಆಕೆ ಒಬ್ಬಳನ್ನ ಬಿಟ್ಟು ಎಲ್ಲರಿಗೂ ಗೊತ್ತಾಗುತ್ತೆ. ಒಪ್ಪಿಕೊಂಡು ಆಮೇಲೆ ಮನಸ್ಸು ತಿರುಗಿದೆ. ಫೈಲ್ ಮುಚ್ಚಪ್ಪ."

"ಒಂದು ಸಲ ಮನೆ ನೋಡಿ ಬರ್ತೀನಿ ಸಾರ್."

"ಮನೆ ಏನು ಮಾತಾಡುತ್ತಾ?"

ಅವನು ಲ್ಯಾಪ್‌ಟಾಪ್ ಮುಚ್ಚಿ ಹೊರಟ. ಕಚೇರಿಯಲ್ಲಿ ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

* * *

ಮನೆ ಬೀದಿಯ ತಿರುವಿನಲ್ಲಿತ್ತು. ಬೀದಿಯವರು ಮುದುಕಿಯನ್ನು ಆಪರೇಟರಕ್ಕ ಎಂದು ಕರೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಕಳೆದವಳು. ಆಕೆಯ ಜೊತೆಗಿದ್ದವಳು ತಂಗಿ. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದವಳು. ನಡುಮನೆಯ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಚಾವಣಿಯಲ್ಲಿ ಸೋರಿದ ಕಲೆ, ಅದರ ಕೆಳಗೊಂದು ಬಕೆಟ್.

"ಸೋಲಾರಿನವರು ಮನೆಗೆ ಬಂದಿದ್ರಾ?" ಮೌನಿ ಕೇಳಿದ.

ಹೊಲಿಗೆ ಯಂತ್ರ ನಿಂತಿತು.

"ಬಂದಿರಬಹುದು. ನಾನು ಕಂಡಿಲ್ಲ," ಎಂದಳು ಅಕ್ಕ.

ಯಂತ್ರ ಮತ್ತೆ ಓಡಿತು. ಮೌನಿಗೆ ಮಾತಿಗಿಂತ ಆ ನಿಲುಗಡೆಯೇ ಹೆಚ್ಚು ಹೊತ್ತು ಕಿವಿಯಲ್ಲಿ ಉಳಿಯಿತು.

ಅಷ್ಟರಲ್ಲಿ ಒಳಕೋಣೆಯಿಂದ ಫೋನು ಹೊಡೆದುಕೊಂಡಿತು. ಹಳೆಯ ಕಪ್ಪು ಫೋನು. ಅದರ ಗಂಟೆ ಬೀದಿಗೆಲ್ಲ ಕೇಳುವಂಥದ್ದು. ಅಕ್ಕ ಎದ್ದು ಹೋದಳು. ಒಳಗಿನಿಂದ ಅವಳ ದನಿ ಬಂತು: "ನಾಳೆ ಬರಲ್ಲ, ನಾಡಿದ್ದು ಬರ್ತೀರಿ. ಏಣಿ ನೀವೇ ತರ್ತೀರಿ. ಕೇಳಿಸ್ತು." ಹೊರಗೆ ಬಂದು, "ಮಾಳಿಗೆ ರಿಪೇರಿಯವನು. ಮೂರು ತಿಂಗಳಿಂದ ನಾಡಿದ್ದೇ ಬರ್ತಿದಾನೆ ಮಹಾರಾಯ" ಎಂದಳು.

ತಂಗಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಫೋನಲ್ಲಿ ಯಾರು ಏನಂದ್ರೂ ಅಕ್ಕ ಅದನ್ನೇ ವಾಪಸ್ ಹೇಳ್ತಾಳೆ ಸಾರ್. ಎಕ್ಸ್‌ಚೇಂಜಿನ ಅಭ್ಯಾಸ. ಯಾರಾದ್ರೂ ಬೈದರೆ ಬೈಗಳನ್ನೂ..."

"ಸಾಕು ಬಿಡೇ. ನಿನ್ನ ಹೊಲಿಗೆ ನೋಡು."

ಆ ಮಾತಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಖಾರವಿತ್ತು. ತನ್ನ ಪರವಾಗಿ ಬರುವ ಮಾತನ್ನು ಯಾಕೆ ಅರ್ಧಕ್ಕೇ ಕತ್ತರಿಸಿದಳು? ಮೌನಿಯ ಅನುಮಾನ ಮತ್ತೆ ತಲೆ ಎತ್ತಿತು.

ಗೇಟಿನವರೆಗೆ ಅಕ್ಕ ಬಂದಳು. ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದಳು.

"ನಾನು ನೋಂದಣಿ ಕಚೇರಿಗೆ ಯಾಕೆ ಹೋಗಿದ್ದೆ ಅಂತ ಅವಳ ಮುಂದೆ ಬಾಯಿ ಬಿಡಬೇಡಿ."

"ಯಾಕೆ ಹೋಗಿದ್ರಿ?"

"ಅರ್ಧ ಮನೆ ಅವಳ ಹೆಸರಿಗೆ ಮಾಡಿಸೋಕೆ. ಇಷ್ಟು ವರ್ಷ ಆಯ್ತು, ಇನ್ನೂ ನೆಂಟರ ಮನೇಲಿ ಇದ್ದಂಗೆ ಇದಾಳೆ. ಕುರ್ಚಿ ತುದೀಲೇ ಕೂರ್ತಾಳೆ. ಮನೆ ಅವಳದ್ದೂ ಆದ್ರೆ ಬೆನ್ನು ಒರಗಿಸಿ ಕೂತಾಳೇನೋ ಅಂತ." ಗೇಟಿನ ಚಿಲಕ ಹಾಕಿದಳು. "ಈಗ ನೋಡಿದ್ರೆ ನನಗೇ ಕುರ್ಚಿ ಇಲ್ಲ."

* * *

ಕಂಪನಿಯ ಕಚೇರಿ ತಣ್ಣಗಿತ್ತು. ಮೂಲೆಯಲ್ಲಿ ಪ್ಲಾಸ್ಟಿಕ್ ಗಿಡ. ಅದಕ್ಕೂ ಯಾರೋ ನೀರು ಹಾಕಿದ್ದರು. ಮ್ಯಾನೇಜರ್ ಎದ್ದು ಕೈ ಕುಲುಕಿದ. ಪಕ್ಕದಲ್ಲಿ ಮಾರಾಟದವನು, ಕುತ್ತಿಗೆಗೆ ಬಿಗಿದ ಟೈ, ಬೆವರಿದ ಹಣೆ. ಬೀದಿಯವರು ಅವನನ್ನು ಟೈ ಎಂದೇ ಗುರುತಿಸಿದ್ದರು. ಎಲ್ಲರ ಬೆರಳೂ ಅವನ ಕಡೆಗೇ ಇತ್ತು.

"ಸಹಿ ಎಲ್ಲಿ ಹಾಕಿಸಿದ್ರಿ?"

"ಟ್ಯಾಬ್ಲೆಟ್ ಮೇಲೆ ಸಾರ್. ಬೆರಳಲ್ಲಿ," ಎಂದ ಟೈ. ಅದು ಸಹಿಯಂತಿರಲಿಲ್ಲ; ಕೋಳಿ ಕೆದರಿದಂತಿತ್ತು. ಯಾರದೂ ಆಗಬಹುದಿತ್ತು.

"ಅದಕ್ಕೇ ಫೋನಲ್ಲಿ ಖಚಿತ ಮಾಡ್ಕೋತೀವಿ," ಮ್ಯಾನೇಜರ್ ಮಾತು ಕಸಿದುಕೊಂಡ. "ಆಕೆಯ ಮನೆ ಲ್ಯಾಂಡ್‌ಲೈನಿಗೇ ನಮ್ಮ ಹುಡುಗಿ ಮಾಡಿದಾಳೆ. ದಾಖಲೆ ಇದೆ."

"ನೀವು ಆ ಮನೆಗೆ ಹೋಗಿದ್ರಾ?" ಮೌನಿ ಮ್ಯಾನೇಜರನ್ನೇ ಕೇಳಿದ.

"ನಾನಾ? ಆ ಬೀದಿ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಅಲ್ಲಿ ಯಾರಿದಾರೆ, ಎಷ್ಟು ಜನ ಇದಾರೆ, ನನಗೆ ಒಂದೂ ಗೊತ್ತಿಲ್ಲ."

ಟೈ ತನ್ನ ಬೂಟಿನ ತುದಿ ನೋಡುತ್ತಿದ್ದ.

ಬೇರೆ ಸಮಯದ ಹೌದುಗಳನ್ನು ಕತ್ತರಿಸಿ ಅಂಟಿಸಿರಬಹುದು ಎಂದು ಮೌನಿಗೆ ಅನಿಸಿತ್ತು. ಧ್ವನಿ ಪರೀಕ್ಷೆಯವನು ಆ ದಾರಿಯನ್ನೂ ಮುಚ್ಚಿದ. "ಎಲ್ಲೂ ಕತ್ತರಿ ಬಿದ್ದಿಲ್ಲ ಸಾರ್. ಒಂದೇ ಕರೆ, ಒಂದೇ ಉಸಿರು."

* * *

ಮಧ್ಯಾಹ್ನ ಕಚೇರಿಯಲ್ಲಿ ಕರೆಂಟ್ ಹೋಯಿತು. ಫ್ಯಾನು ಗರಗರ ಎಂದು ನಿಧಾನವಾಗಿ ನಿಂತಿತು. ಎಲ್ಲರೂ ಹೊರಗೆ ಗಾಳಿಗೆ ಹೋದರು. ಮೌನಿ ಹೋಗಲಿಲ್ಲ. ಇಂಥ ನಿಶ್ಶಬ್ದ ಆ ಕೋಣೆಗೆ ಅಪರೂಪ. ಬ್ಯಾಟರಿಯ ಮೇಲಿದ್ದ ಲ್ಯಾಪ್‌ಟಾಪಿನ ಗುಂಡಿ ಒತ್ತಿದ.

ಎರಡನೆಯ ಪ್ರಶ್ನೆಯ ಹಿಂದೆ ಏನೋ ಇತ್ತು. ಇಷ್ಟು ದಿನ ಫ್ಯಾನಿನ ಸದ್ದು ಅದನ್ನು ನುಂಗಿತ್ತು. ದೂರದಲ್ಲೊಂದು ಗಂಟೆ. ಹಳೆಯ ಫೋನಿನ ಗಂಟೆ. ಅದು ನಿಂತಿತು. ಆಮೇಲೆ ಗೋಡೆಯಾಚೆಯಿಂದ ಬಂದಂಥ ಒಂದು ದನಿ, ತೆಳ್ಳಗೆ: "...ಇವತ್ತು ಬರಲ್ಲ, ನಾಡಿದ್ದು ಬರ್ತೀರಿ..."

ಅದರ ಮೇಲೆಯೇ, ಹತ್ತಿರದಿಂದ: "ಹೌದು."

ಮೌನಿ ಬೆನ್ನು ನೆಟ್ಟಗೆ ಮಾಡಿದ. ಲ್ಯಾಂಡ್‌ಲೈನಿನಲ್ಲಿ ಮಾತಾಡುತ್ತಿರುವವಳ ಹಿಂದೆ ಅದೇ ಲ್ಯಾಂಡ್‌ಲೈನ್ ಹೊಡೆದುಕೊಳ್ಳುವುದು ಹೇಗೆ? ಆಪರೇಟರಕ್ಕ ಒಳಗೆ ಮಾಳಿಗೆ ರಿಪೇರಿಯವನ ಮಾತು ತಿರುಗಿ ಹೇಳುತ್ತಿದ್ದಾಗ, ಹೊರಗೆ ಹೌದು ಅಂದವರು ಯಾರು?

ಮೊಬೈಲು ತೆಗೆದು ಆ ಮನೆಗೆ ಫೋನ್ ಮಾಡಿದ.

"ಮೇಡಂ, ಗ್ರಾಹಕ ಕಚೇರಿಯಿಂದ. ಆಪರೇಟರಕ್ಕನ ಮನೆ ತಾನೆ?"

ಒಂದು ಉಸಿರು ಒಳಗೆಳೆದ ಸದ್ದು. "ಹೌದು. ಅಕ್ಕ ಇಲ್ಲ ಸಾರ್. ಕನ್ನಡಕದ ಅಂಗಡಿಗೆ ಹೋಗಿದಾಳೆ."

ಎದುರಿಗಿದ್ದಾಗ ಒಬ್ಬಳದು ಅಪ್ಪಣೆ, ಇನ್ನೊಬ್ಬಳದು ಪಿಸುಮಾತು. ಮುಖ ಕಾಣದಿದ್ದರೆ ಇಬ್ಬರದೂ ಒಂದೇ ದನಿ.

* * *

ತಂಗಿ ಅವನನ್ನು ಕಂಡದ್ದೇ ಕೈಯಲ್ಲಿದ್ದ ಬಟ್ಟೆ ಮಡಿಸತೊಡಗಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಅವನು ಏನೂ ಕೇಳಲಿಲ್ಲ. ಕಾದ.

"ಇಬ್ಬರು ಬಂದಿದ್ರು," ಎಂದಳು ಕೊನೆಗೆ. "ಅಕ್ಕ ಒಳಗೆ ಮಲಗಿದ್ಲು. ಟೈ ಹಾಕಿದ್ದವನು ಬಾಯೇ ಬಿಡಲಿಲ್ಲ. ಜೊತೆಗೆ ಬಂದ ದೊಡ್ಡವರು ನೀರು ಕೇಳಿದ್ರು. ಈ ಮನೆಗೆ ನೀವು ಏನಾಗಬೇಕಮ್ಮ ಅಂದ್ರು. ತಂಗಿ ಅಂದೆ. ಅಕ್ಕನ ಆಸರೇಲಿದೀರಾ ಅಂದ್ರು." ಬಟ್ಟೆಯ ಅಂಚು ಸವರಿದಳು. "ಪುಕ್ಕಟೆ ಯೋಜನೆ, ಇನ್ನು ಕರೆಂಟ್ ಬಿಲ್ಲೇ ಬರಲ್ಲ, ಅಕ್ಕನಿಗೆ ಹೇಳಬೇಡಿ, ಫಲಕ ಬಂದ ದಿನ ಖುಷಿ ಪಡಲಿ ಅಂದ್ರು. ಅವರ ಮೊಬೈಲೇ ಕೈಗೆ ಕೊಟ್ಟು, ಏನು ಕೇಳಿದ್ರೂ ಹೌದು ಅನ್ನಿ, ಇಲ್ಲ ಅಂದ್ರೆ ಯೋಜನೆ ಬೇರೆ ಮನೆಗೆ ಹೋಗುತ್ತೆ ಅಂದ್ರು."

"ಮಾಲೀಕರು ನೀವೇನಾ ಅಂತ ಕೇಳಿದಾಗ?"

"ಹೆದರಿಕೆ ಆಯ್ತು. ಆದ್ರೂ... ಈ ಮನೆಗೆ ನನ್ನದು ಅಂತ ಒಂದು ಆಗಲಿ ಅಂತಿತ್ತು ಸಾರ್. ಉಂಡಿದ್ದು, ಉಟ್ಟಿದ್ದು ಎಲ್ಲ ಅವಳದೇ." ಕಣ್ಣು ಮೇಲೆತ್ತಲಿಲ್ಲ. "ಅಕ್ಕನಿಗೆ ಹೇಳಬೇಡಿ. ಗೊತ್ತಾದ್ರೆ ಈ ಮನೇಲಿ ನನಗೆ ಮುಖ ಇರಲ್ಲ."

* * *

ಮರುದಿನ ಮೌನಿ ಮೇಲಧಿಕಾರಿಯನ್ನೂ ಕರೆದುಕೊಂಡು ಕಂಪನಿಗೆ ಹೋದ. ಅವರು ದಾರಿಯುದ್ದಕ್ಕೂ ಗೊಣಗಿದರು.

"ಆ ದನಿ ಮಾಲೀಕರದಲ್ಲ," ಮೌನಿ ಹೇಳಿದ. "ಬೇರೆ ಯಾರದೋ." ಅಷ್ಟು ಹೇಳಿ ಸುಮ್ಮನಾದ.

ಮ್ಯಾನೇಜರ್ ಕಾದ. ಮೌನಿಯೂ ಕಾದ. ಕೆಲವರಿಗೆ ಮೌನ ತಡೆಯುವುದಿಲ್ಲ. ಅದನ್ನು ತುಂಬಲು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ.

"ಅದಕ್ಕೆ ನಾವೇನು ಮಾಡೋಣ ಸ್ವಾಮಿ?" ಮ್ಯಾನೇಜರ್ ನಕ್ಕ. "ನಡುಮನೇಲಿ ಹೊಲಿಗೆ ಮಷಿನ್ ಮುಂದೆ ಯಜಮಾನಿ ಥರ ಕೂತಿದ್ರೆ, ಅವಳೇ ಮಾಲೀಕಳು ಅಂತ ಯಾರಾದ್ರೂ ಅಂದ್ಕೋತಾರೆ."

ಮೌನಿ ಅಲುಗಾಡಲಿಲ್ಲ. ಮೇಲಧಿಕಾರಿಯೇ ಕನ್ನಡಕ ಏರಿಸಿ ಕೇಳಿದರು: "ಹೊಲಿಗೆ ಮಷಿನ್ನಾ? ನೀವು ಆ ಬೀದಿ ಕಡೆ ತಲೆ ಹಾಕಿಯೂ ಮಲಗಿಲ್ಲ ಅಂತ ಬರ್ಕೊಂಡು ಬಂದಿದಾನಲ್ಲ ಇವನು?"

ಮ್ಯಾನೇಜರ್ ನಗು ಅಲ್ಲೇ ನಿಂತಿತು. "ಇವನು ಹೇಳಿದ್ದು," ಎಂದು ಟೈ ಕಡೆ ಕೈ ತೋರಿಸಿದ.

"ನಾನು ಹೇಳಿಲ್ಲ," ಎಂದ ಟೈ. ಕುತ್ತಿಗೆಯ ಗಂಟು ಸಡಿಲಿಸಿದ. "ಸಾರೇ ಬಂದಿದ್ರು. ಎಲ್ಲ ಮನೆಗೂ ಅವರೇ ಬರ್ತಾರೆ. ಮನೆ ಯಜಮಾನರನ್ನ ಹುಡುಕಬೇಡ ಅಂತಾರೆ. ಆ ಮನೇಲಿ ಸಂಕೋಚದಿಂದ ಇರೋರನ್ನ ಹುಡುಕು. ಮನೆ ಅಳಿಯ, ಅತ್ತಿಗೆ, ಕೂತು ಉಣ್ತಿದೀನಿ ಅಂತ ಕೊರಗೋರು. ಅವರಿಗೆ ಏನಾದ್ರೂ ಕೊಡಬೇಕು ಅಂತ ಆಸೆ ಇರುತ್ತೆ, ಬೇಗ ಹೌದು ಅಂತಾರೆ, ಆಮೇಲೆ ಹೆದರಿ ಬಾಯಿ ಬಿಡಲ್ಲ."

ಮೇಲಧಿಕಾರಿ ಜೇಬಿನಿಂದ ಪೆನ್ನು ತೆಗೆದರು.

ಆಮೇಲೆ ಮೌನಿ ಗಂಟೆಯ ಸದ್ದು ಕೇಳಿಸಿದ, ಬಿಡಿಸಿ ಹೇಳಿದ. ಕರೆ ಹೋದದ್ದು ಲ್ಯಾಂಡ್‌ಲೈನಿಗೆ ಎಂಬುದು ಕಂಪನಿಯದೇ ದಾಖಲೆ. ಆ ಲ್ಯಾಂಡ್‌ಲೈನ್ ಹಿಂದೆ ಹೊಡೆದುಕೊಳ್ಳುವುದು ಕಂಪನಿಯದೇ ಧ್ವನಿಮುದ್ರಣದಲ್ಲಿ. ಮಾಲೀಕಳು ಆ ಹೊತ್ತಿಗೆ ಒಳಗೆ ಮಾತಾಡುತ್ತಿದ್ದಳು; ಫೋನಿನಲ್ಲಿ ಹೌದು ಎನ್ನುವ ಪದ್ಧತಿಯೇ ಇಲ್ಲದವಳು. ಆ ದಿನ ಮಾತಾಡಿದ್ದು ನಿಜವೆಂದು ಮಾಳಿಗೆ ರಿಪೇರಿಯವನೂ ಒಪ್ಪಿದ್ದ. ಅವನು ನಾಡಿದ್ದು ಬರದೆ ಹೋದದ್ದೂ ನಿಜವೇ.

"ಹಾಗಾದ್ರೆ ಅವಳ ಮೇಲೂ ಕೇಸ್ ಹಾಕಿ," ಮ್ಯಾನೇಜರ್ ಬುಸುಗುಟ್ಟಿದ. "ಮಾಲೀಕಳು ನಾನೇ ಅಂದಿದಾಳೆ."

"ಯಾರದಲ್ಲ ಅನ್ನೋದಷ್ಟೇ ನನಗೆ ಬೇಕಾಗಿರೋದು," ಎಂದ ಮೌನಿ. "ಯಾರದು ಅಂತ ಹೇಳೋ ಇಷ್ಟ ನಿಮಗಿದ್ರೆ, ಅವಳಿಗೆ ನೀವು ಏನೇನು ಹೇಳಿಕೊಟ್ರಿ ಅನ್ನೋದರಿಂದ ಶುರು ಮಾಡಿ."

ಮ್ಯಾನೇಜರ್ ಶುರು ಮಾಡಲಿಲ್ಲ. ಸಂಜೆಯೊಳಗೆ ಅವನನ್ನು ಪೊಲೀಸರು ಕರೆದೊಯ್ದರು. ಧ್ವನಿಮುದ್ರಣಗಳಿಗೆಲ್ಲ ಮುದ್ರೆ ಬಿತ್ತು. ಎಷ್ಟೋ ಮನೆಗಳಲ್ಲಿ, ಎಷ್ಟೋ ಜನ ತಮ್ಮದಲ್ಲದ ಹೆಸರಿಗೆ ಹೌದು ಎಂದಿದ್ದರು.

* * *

ಮನೆಯ ಮೇಲಿನ ಹಕ್ಕು ರದ್ದಾದ ಆದೇಶವನ್ನು ಮೌನಿ ತಾನೇ ಕೊಂಡೊಯ್ದ. ತಂಗಿ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದಳು. ಅಕ್ಕ ಹೊಸ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು.

"ದನಿ ಯಾರದು ಅಂತ ಬರೆದಿಲ್ಲ."

"ಇಲ್ಲ."

"ಒಳ್ಳೇದಾಯ್ತು." ಕಾಗದ ಮಡಿಸಿದಳು. ಅಡುಗೆಮನೆಯಲ್ಲಿ ಲೋಟದ ಸದ್ದಾಗುವವರೆಗೆ ಕಾದು ಹೇಳಿದಳು: "ಚಿಕ್ಕವಳಿದ್ದಾಗಿಂದ ಹಾಗೇ. ತಪ್ಪು ಮಾಡೋ ಮುಂಚೆ ಒಂದು ಉಸಿರು ಎಳ್ಕೋತಾಳೆ. ಅವತ್ತು ನಿಮ್ಮ ಮುಂದೆ ಕನ್ನಡಕ ಒರೆಸೋದು ಬಿಟ್ಟು ಇನ್ನೇನು ಮಾಡಲಿ? ಅವಳು ಹೇಳೋವರೆಗೆ ನನಗೆ ಗೊತ್ತಿಲ್ಲ. ಹೇಳದೇ ಇದ್ರೂ ಗೊತ್ತಿಲ್ಲ." ಮಡಿಸಿದ ಕಾಗದ ಸೊಂಟಕ್ಕೆ ಸಿಕ್ಕಿಸಿದಳು. "ನಾಡಿದ್ದು ಅವಳನ್ನ ಕನ್ನಡಕದ ಅಂಗಡಿಗೆ ಅಂತ ಹೇಳಿ ನೋಂದಣಿ ಕಚೇರಿಗೆ ಕರ್ಕೊಂಡು ಹೋಗ್ತೀನಿ. ನನ್ನ ನಾಡಿದ್ದು ಮಾಳಿಗೆ ರಿಪೇರಿಯವನ ನಾಡಿದ್ದಲ್ಲ."

ಚಹಾ ಬಂತು. ತಂಗಿ ತನ್ನ ಲೋಟ ಹಿಡಿದು ಕುರ್ಚಿಯ ತುದಿಯಲ್ಲಿ ಕೂತಳು.

ಅವನು ಹೊರಟಾಗ ಗೇಟಿನವರೆಗೆ ಬಂದವಳು ಅವಳೇ.

"ಸಾರ್, ಅಕ್ಕನಿಗೆ ಗೊತ್ತಾಗಲಿಲ್ಲ ತಾನೆ?"

ಮೌನಿ ಗೇಟು ತೆರೆದ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಚಹಾ ಚೆನ್ನಾಗಿತ್ತು ಎಂದ. ಒಳಗೆ ಕಪ್ಪು ಫೋನು ಹೊಡೆದುಕೊಂಡಿತು. ಯಾರೋ ಹೇಳಿದ್ದನ್ನು ಅಕ್ಕ ಗಟ್ಟಿಯಾಗಿ ತಿರುಗಿ ಹೇಳತೊಡಗಿದಳು.

ಅಕ್ಕನಿಗೆ ಮೊದಲ ದಿನದಿಂದಲೇ ಗೊತ್ತಿತ್ತು ಎಂದು ಅವನು ತಂಗಿಗೆ ಹೇಳಲಿಲ್ಲ.