ಹೊಳೆದದ್ದು ಯಾರ ಬಾಟಲಿ?

“ಕಾಲು ಕುಣಿಸಬೇಡ ಮಿನೋರಿ,” ಎಂದರು ಶಾಲೆಯ ನರ್ಸ್ ಹೊಶಿನೊ ಟೀಚರ್.

ಕಾಲು ನಿಲ್ಲಲಿಲ್ಲ. ಭಾನುವಾರ ಕ್ರೀಡಾಕೂಟ. ಐದನೇ ಕ್ಲಾಸಿನ ರಿಲೇಯಲ್ಲಿ ಕೊನೆಯ ಓಟ ಮಿನೋರಿಯದೇ.

ವರ್ಷಕ್ಕೊಮ್ಮೆ ಮಕ್ಕಳೆಲ್ಲ ಬೆಳಗಿನ ಮೊದಲ ಮೂತ್ರವನ್ನು ಪುಟ್ಟ ಬಾಟಲಿಯಲ್ಲಿ ಶಾಲೆಗೆ ತರಬೇಕು. ಮಿನೋರಿಯದರಲ್ಲಿ ಪ್ರೋಟೀನ್ ಕಂಡಿತ್ತು. ಹಾಗಾಗಿ ಎರಡನೆಯ ಬಾಟಲಿ ಲ್ಯಾಬಿಗೆ ಹೋಗಿತ್ತು.

“ಅಲ್ಲಿ ಒಂದು ಬಣ್ಣ ಹಾಕ್ತಾರೆ. ಅದು ಪ್ರೋಟೀನಿಗೆ ಅಂಟಿಕೊಂಡ್ರೆ ನೀಲಿ ಬೆಳಕಲ್ಲಿ ಹೊಳೆಯುತ್ತೆ. ನಿನ್ನದು ನೋಡು.”

ಟೀಚರ ಫೋನಿನ ಫೋಟೋದಲ್ಲಿ ಲ್ಯಾಬಿನ ತಟ್ಟೆಯ ಸಾಲುಸಾಲು ಗುಳಿಗಳು ಮಂಕಾಗಿದ್ದವು. ಒಂದು ಮಾತ್ರ ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿತ್ತು.

“ಕಿಡ್ನಿ ಕಾಯಿಲೆ ಶುರುವಾಗಿರಬಹುದು. ಈಗಲೇ ಗೊತ್ತಾದ್ರೆ ಔಷಧಿ ಇದೆ.”

ಆ ಬಾಟಲಿಯಲ್ಲಿದ್ದದ್ದು ಅಜ್ಜಿಯದು!

ಮತ್ತೆ ಪ್ರೋಟೀನ್ ಕಂಡರೆ ಓಡಲು ಬಿಡುವುದಿಲ್ಲ ಎಂದು ಮಿನೋರಿ ಹೆದರಿದಾಗ, “ನಂದು ತಗೊಂಡು ಹೋಗೇ, ನಾನು ಗುಂಡುಕಲ್ಲಿನ ಹಾಗಿದ್ದೀನಿ,” ಎಂದು ಅಜ್ಜಿಯೇ ನಗುತ್ತ ತುಂಬಿಸಿಕೊಟ್ಟಿದ್ದಳು.

ಸಂಜೆ ಮೀನಿನ ಕಾರ್ಖಾನೆಯಿಂದ ಬಂದ ಅಜ್ಜಿ ರಬ್ಬರ್ ಬೂಟು ಕಳಚಿದಳು. ಪಾದ ಊದಿತ್ತು. ಮಿನೋರಿ ಎಲ್ಲವನ್ನೂ ಹೇಳಿದಳು.

“ಬಾಯಿ ಮುಚ್ಚು! ಕಾಯಿಲೆ ಅಂದ್ರೆ ಕೆಲಸಕ್ಕೆ ಬರಬೇಡ ಅಂತಾರೆ.”

“ಕಾರ್ಖಾನೆಗೆ ಆರೋಗ್ಯ ತಪಾಸಣೆ ಬಸ್ ಬರುತ್ತಲ್ಲ ಅಜ್ಜಿ?”

“ಅದು ಕಾಯಂ ಆದವರಿಗೆ ಕಣೇ. ಗಂಟೆ ಲೆಕ್ಕದಲ್ಲಿ ದುಡಿಯೋರಿಗೆ ಕಿಡ್ನಿನೇ ಇಲ್ಲ ಅಂದ್ಕೊಂಡಿದ್ದಾರೆ!”

ಅಜ್ಜಿ ನಕ್ಕಳು. ಮಿನೋರಿಗೆ ನಗು ಬರಲಿಲ್ಲ, ಸಿಟ್ಟು ಬಂತು. ರಾತ್ರಿಯೆಲ್ಲ ಹೊರಳಾಡಿದಳು.

ಬೆಳಗ್ಗೆ ಬ್ಯಾಗನ್ನೂ ಇಳಿಸದೆ ನರ್ಸ್ ಕೋಣೆಗೆ ಓಡಿದಳು.

“ಟೀಚರ್, ಅದು ನಂದಲ್ಲ. ಅಜ್ಜಿದು.”

ಟೀಚರ್ ಅವಳನ್ನೇ ನೋಡಿದರು. “ಹಾಗಾದ್ರೆ ನಿನ್ನದು ಇನ್ನೂ ಗೊತ್ತಿಲ್ಲ. ಗೊತ್ತಾಗೋ ತನಕ ಓಡೋ ಹಾಗಿಲ್ಲ.”

“ಭಾನುವಾರನೂ?”

“ಭಾನುವಾರನೂ.”

ಮಿನೋರಿ ಮೂಗು ಒರೆಸಿಕೊಂಡಳು. “ಎರಡು ಬಾಟಲಿ ಕೊಡ್ತೀರಾ? ಅಜ್ಜಿಗೂ ಒಂದು. ಅವಳ ಕಾರ್ಖಾನೆಯವರಿಗೆ ಹೇಳಬಾರದು, ಕೆಲಸ ಹೋಗುತ್ತೆ.”

“ಹೇಳಲ್ಲ. ಆದ್ರೆ ಅಜ್ಜಿನ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ.”

ಮರುದಿನ ನಸುಕಿನಲ್ಲಿ ಮಿನೋರಿ ಪಾಯಿಖಾನೆಯ ಬಾಗಿಲಿಗೆ ಒರಗಿ ಕೂತಿದ್ದಳು.

“ಏನೇ, ಕಾವಲು ಕಾಯ್ತೀಯಾ? ನಿನ್ನ ಬಾಟಲಿ ನೀನೇ ತುಂಬಿಸ್ಕೋ!” ಒಳಗಿನಿಂದ ಅಜ್ಜಿ ಗದರಿದಳು.

“ನಂದು ಆಯ್ತು. ನಿನ್ನ ಕೈಗೆ ಕೊಟ್ಟಿದ್ದರ ಮೇಲಿರೋ ಹೆಸರು ಓದು.”

ಮಿನೋರಿ ದಪ್ಪ ಅಕ್ಷರದಲ್ಲಿ ಬರೆದದ್ದು ಅಜ್ಜಿಯ ಹೆಸರನ್ನು.

ತುಸು ಹೊತ್ತಾದ ಮೇಲೆ ಬಾಗಿಲು ಸ್ವಲ್ಪವೇ ತೆರೆಯಿತು. ಒರಟು ಕೈಯೊಂದು ಬಾಟಲಿಯನ್ನು ಹೊರಚಾಚಿತು.

ಮಿನೋರಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಾಟಲಿ ಇನ್ನೂ ಬೆಚ್ಚಗಿತ್ತು. ಅವಳ ಕಾಲು ಕುಣಿಯುತ್ತಿರಲಿಲ್ಲ.