ಒರತೆಗೆ ಬಿದ್ದ ಹೆಬ್ಬೆರಳು

ಸಾರ್ಡಿನಿಯಾ ದ್ವೀಪದಲ್ಲೇ ನನ್ನಷ್ಟು ಚಪ್ಪಟೆಹುಳ ಹಿಡಿದವನಿಲ್ಲ. ಊರಿಗೆಲ್ಲ ಕುಡಿಯಲು ಇರುವ ಒಂದೇ ಒರತೆಗೆ ಕುರಿಯ ಲಿವರ್ ಕಟ್ಟಿದ ದಾರ ಬಿಟ್ಟರೆ, ಗಂತೀನೆ ಎಂಬ ನನ್ನ ಹೆಸರು ಕೇಳಿಯೇ ಹುಳಗಳು ಓಡಿಬರುತ್ತಿದ್ದವು. ಲೋಕ ಕಾಣದ ಹೊಸ ಜಾತಿಯೆಂದು ಪಟ್ಟಣದ ವಿಜ್ಞಾನಿಗಳು ಕುಣಿದಾಡಿದ್ದರು. ಎಷ್ಟು ತುಂಡು ಮಾಡಿದರೂ ಪ್ರತಿ ತುಂಡೂ ಇಡೀ ಹುಳವಾಗಿ ಬೆಳೆಯುತ್ತಿತ್ತು.

ಒರತೆಯಿಂದ ಏನು ತೆಗೆದರೂ ಒಂದು ಪಾಲು ಅದಕ್ಕೇ ಕೊಡುವುದು ನಮ್ಮೂರ ಪದ್ಧತಿ. ಹಾಗೆ ಕೊಡಲೆಂದು ಹುಳ ಕೊಚ್ಚುವಾಗ ನನ್ನ ಜೊತೆಗಾರ, ಕುರಿಗಾಹಿ ಬಕೀಸನ ಹೆಬ್ಬೆರಳೇ ತುಂಡಾಗಿ ನೀರಿಗೆ ಬಿತ್ತು. ಹುಳಗಳು ಮುತ್ತಿ ತಿಂದದ್ದನ್ನು ಕಣ್ಣಾರೆ ಕಂಡೆ.

ಗಾಯ ಮಾಗಿದ ಮೇಲೆ, ಸುಡುವ ಮಧ್ಯಾಹ್ನ ಮತ್ತೆ ಹೋದೆವು. ಹಲ್ಲು ಕಟಕಟಿಸುವಷ್ಟು ತಣ್ಣಗಿರುತ್ತಿದ್ದ ಒರತೆ ಅಂದು ಆಗತಾನೇ ಕರೆದ ಹಾಲಿನಷ್ಟು ಬೆಚ್ಚಗಿತ್ತು. ದಾರ ಎಳೆದೆ. ಲಿವರ್ ತಬ್ಬಿಕೊಂಡು ಒಂದು ಹೆಬ್ಬೆರಳು ಮೇಲೆ ಬಂತು. ಉಗುರಿನ ಪಕ್ಕ ಬಕೀಸನ ಹಳೇ ಗಾಯದ ಕಲೆ.

“ನಿಂದೇ ಕಣೋ, ತಗೊಂಡ್ ಅಂಟಿಸ್ಕೋ,” ಎಂದೆ. ದಾರವನ್ನು ಅವನತ್ತ ಚಾಚಿದೆ.

“ಬಾಯ್ಮುಚ್ಚೋ ಗಂತೀನೆ!”

ಬಕೀಸ ಅದನ್ನು ಬಂಡೆಗೆ ಅಪ್ಪಳಿಸಿದ. ಬಿಸಿರಕ್ತ ನಮ್ಮಿಬ್ಬರ ಮುಖಕ್ಕೂ ಚಿಮ್ಮಿತು. ಅದು ತೆವಳುತ್ತಲೇ ಇತ್ತು. ಅವನು ಅರಚುತ್ತಾ ಕಚಕಚನೆ ಕೊಚ್ಚಿದ. ಕೈ ಸೋತಾಗ, ರೂಢಿಯಂತೆ ಎಲ್ಲವನ್ನೂ ಬಾಚಿ ಒರತೆಗೆ ಎಸೆದ.

ಆಮೇಲೆ ನನ್ನತ್ತ ತಿರುಗಿದ. “ಎಷ್ಟು ತುಂಡ್ ಮಾಡ್ದೆ ನಾನು?”

“ಯಾವನೋ ಎಣಿಸ್ದೋನು, ಮಾರಾಯ?”

ಊರು ಈಗಲೂ ಅದೇ ನೀರು ಕುಡಿಯುತ್ತದೆ. ಕೊಡ ಇಳಿಸಿದಾಗಲೆಲ್ಲ ಕೆಳಗಿನಿಂದ ಅದರ ತಳಕ್ಕೆ ಉಗುರುಗಳು ತಟ್ಟುತ್ತವೆ.