ಚಾಚುಬಂಡೆಯ ಬಿಸಿ

೧೯೬೧ರ ಬೇಸಿಗೆಯಲ್ಲಿ ನಾನು ಮತ್ತು ದಾವಣಗೆರೆ ಹಾಸ್ಟೆಲಿನ ನನ್ನ ಕೋಣೆಯ ಬೋರಣ್ಣ ಲಾರಿಯೊಂದರಲ್ಲಿ ಕಾರವಾರದ ಕಡೆಗೆ ಹೋಗಿ ಮೊದಲ ಸಲ ಸಮುದ್ರ ನೋಡಿದೆವು. ದಂಡೆಯ ಬಂಡೆಗಳನ್ನು ನೀರು ಕೊರೆದು ಕಮಾನುಗಳನ್ನು ಮಾಡಿತ್ತು. ಕಡೆಯ ಕಮಾನಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಅಲೆ ಹತ್ತಿರ ಬಂದಂತೆ ಕಂಡಾಗ ಏಳೋಣ ಎಂದೆ. ಬೋರಣ್ಣ ಹರಿಹರದ ಹೊಳೆದಂಡೆಯಲ್ಲಿ ಬೆಳೆದವನು.

"ಬೇಸಿಗ್ಯಾಗ ಇಳಿದ ನೀರು ಮಳೆಗಾಲದ ತನಕ ಏರಲ್ಲ. ಉಣ್ಣಲೇ, ಪುಕ್ಕಲ," ಎಂದು ನಕ್ಕ.

ರೊಟ್ಟಿ ಮುಗಿಯುವುದರೊಳಗೆ ಕಮಾನಿನ ಎರಡೂ ಬಾಯಿಗಳನ್ನು ನೀರು ಮುಚ್ಚಿತು. ನನಗೆ ಈಜು ಬರದು. ಒಳಗೋಡೆಯ ಚಾಚುಬಂಡೆ ಹತ್ತಿ ಕೂತೆವು. ಬಂಡೆ ತಣ್ಣಗಿತ್ತು, ನಮ್ಮಿಬ್ಬರ ನಡುವೆ ಮಾತ್ರ ಜ್ವರ ಬಂದ ಮೈಯಷ್ಟು ಬಿಸಿ.

"ಆಕಡೆ ಸರಿಯೋ, ನೀರು ಸಿಡೀತಾ ಐತೆ," ಎಂದೆ.

"ಎಲ್ಲಿಗೆ ಸರೀಲಿ? ನೀನೇ ಮೈಮೇಲೆ ಬಿದ್ದೀಯಲ್ಲ!"

ನಾನು ಅವನನ್ನು ಮುಟ್ಟಿರಲಿಲ್ಲ.

ಆಗ ಕಮಾನಿನ ಆಚೆಯಿಂದ ಹೆಂಗಸೊಬ್ಬಳು ನಮ್ಮೂರ ಮಾತಿನಲ್ಲೇ ಕರೆದಳು: "ಬರ್ರಿ, ಈ ಕಡೆ ಒಣಾ ಐತೆ. ಮೂವರೂ ಬರ್ರಿ."

"ನಮ್ಮ ಕಡೇರು ಕಣೋ!" ಎಂದು ಬೋರಣ್ಣ ನೀರಿಗಿಳಿಯಹೋದ. ಒಂದು ಕೈಯಿಂದ ಬಂಡೆಯ ಸಂದು ಹಿಡಿದು, ಇನ್ನೊಂದರಿಂದ ಅವನ ಬಲತೋಳನ್ನು ಜಗ್ಗಿದೆ. ಅವನು ಕೊಸರಾಡಿದ, ಬೈದ. ಕರೆ ನಿಲ್ಲುವವರೆಗೂ ನಾನು ಬಿಡಲಿಲ್ಲ.

ಇಳಿಹೊತ್ತಿಗೆ ನೀರು ಹಿಂದೆ ಸರಿಯಿತು. ಕರೆ ಬಂದ ಕಡೆಯ ಬಾಯಿಂದ ಆಚೆ ಇಣುಕಿ ನೋಡಿದೆವು. ನಿಲ್ಲಲು ಒಂದು ಹೆಜ್ಜೆ ಜಾಗವಿಲ್ಲದೆ ಬಂಡೆ ನೇರವಾಗಿ ಸಮುದ್ರಕ್ಕೆ ಇಳಿದಿತ್ತು.

ಮರಳಿನ ಮೇಲೆ ಬೋರಣ್ಣ ಅಂಗಿ ತೆಗೆದು ಹಿಂಡಿದ. "ಜೀವ ಉಳಿಸಿದೆ, ಸರಿ. ಎರಡೂ ತೋಳು ಕಿತ್ತು ಬರೋ ಹಂಗೆ ಜಗ್ಗೋದೇನಲೇ?" ಎಂದ.

ಅವನ ಎರಡೂ ತೋಳುಗಳ ಮೇಲೆ ಬೆರಳಿನ ಗುರುತುಗಳು ಕೆಂಪಗೆ ಎದ್ದಿದ್ದವು. ಎಡತೋಳಿನವು ನನ್ನ ಬೆರಳುಗಳಿಗಿಂತ ತೆಳ್ಳಗಿದ್ದವು.